ಅರಿಶಿನದ ಎಳೆ ಮುಂದೆ, ಬಿಳಿ ಎಳೆ ಹಿಂದೆ

ಗಂಟಿನ ಪ್ರಶ್ನೆಗಳಿಗೆ ನನ್ನನ್ನೇ ಯಾಕೆ ಕೂರಿಸಿದರು ಅಂತ ಇಬ್ಬರು ಓದುಗರು ಕೇಳಿದ್ದಾರೆ. ನಾನು ಕುಮಟಾ ಕಡೆಯವನು. ಇಪ್ಪತ್ತಾರು ವರ್ಷ ಸರಕು ಹಡಗುಗಳಲ್ಲಿ ಖಲಾಸಿಯಾಗಿ ದುಡಿದೆ. ಈಗ ಡೊಂಬಿವಿಲಿಯ ಮನೆಯಲ್ಲಿ ಕೂತು ಹೂವಿನ ಕುಂಡಕ್ಕೆ ತೂಗುಬಲೆ ಹೆಣೆಯುತ್ತೇನೆ. ನನ್ನ ಹೆಂಡತಿಗೆ ಇದು ಬಹಳ ತಮಾಷೆ.

ಪ್ರಶ್ನೆ: ಅಣ್ಣಾ, ಮೊಬೈಲಿನಲ್ಲಿ ವಿಡಿಯೋ ನೋಡಿ ಮ್ಯಾಕ್ರಮೆ, ಅಂದರೆ ಹುರಿಗೆ ಗಂಟು ಹಾಕುತ್ತಾ ಹೆಣೆಯುವ ಕೆಲಸ, ಕಲಿಯುತ್ತಿದ್ದೇನೆ. ಚಪ್ಪಟೆ ಗಂಟು ಹಾಕಿದರೆ ಪಟ್ಟಿ ನೆಟ್ಟಗೆ ಬರುವುದಿಲ್ಲ, ತಿರುಚಿಕೊಳ್ಳುತ್ತದೆ. ಎರಡು ಸಲ ಪೂರ್ತಿ ಬಿಚ್ಚಿದೆ. ಹುರಿಯೇ ಸರಿಯಿಲ್ಲವೇ? ಹುರಿ ಎಷ್ಟು ಉದ್ದ ಕತ್ತರಿಸಬೇಕು? (ಮುಲುಂಡ್)

ಹುರಿಯದ್ದೇನೂ ತಪ್ಪಿಲ್ಲ ತಂಗಿ. ನೀವು ಪ್ರತಿ ಸಲ ಒಂದೇ ಬದಿಯಿಂದ ಶುರು ಮಾಡುತ್ತಿದ್ದೀರಿ. ಚಪ್ಪಟೆ ಗಂಟು ಅಂದರೆ ಎರಡು ಅರ್ಧ ಸೇರಿ ಒಂದು. ಮೊದಲರ್ಧ ಎಡದಿಂದ, ಇನ್ನರ್ಧ ಬಲದಿಂದ. ವಿಡಿಯೋದಲ್ಲಿ ಕೈ ಬೇಗ ಬೇಗ ಓಡುತ್ತದೆ. ನಡುವೆ ಕುಕ್ಕರ್ ಸೀಟಿ ಹೊಡೆದರೆ ಯಾವ ಅರ್ಧದಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ.

ಹೀಗೆ ಮಾಡಿ. ನಾಲ್ಕು ಎಳೆ ಇಳಿಬಿಡಿ. ನಡುವಿನ ಎರಡು ಸುಮ್ನೆ ನಿಂತಿರುತ್ತವೆ, ಕೆಲಸವೆಲ್ಲ ಹೊರಗಿನ ಎರಡರದ್ದು. ಎಡಗಡೆಯ ಹೊರ ಎಳೆಗೆ ಅರಿಶಿನದ ನೀರು ಸವರಿ ಒಣಗಿಸಿ. ಈಗ ಅರಿಶಿನದ ಎಳೆಯನ್ನು ನಡುವಿನ ಎಳೆಗಳ ಮುಂದಿನಿಂದ ಬಲಕ್ಕೆ ತನ್ನಿ, ಬಲಗಡೆಯ ಹೊರಗಿನ ಬಿಳಿ ಎಳೆಯ ಅಡಿಗೆ ಹಾಯಿಸಿ. ಬಿಳಿ ಎಳೆಯನ್ನು ನಡುವಿನ ಎಳೆಗಳ ಹಿಂದಿನಿಂದ ಎಡಕ್ಕೆ ತಂದು, ಅಲ್ಲಿ ಅರಿಶಿನದ ಎಳೆ ಬಿಟ್ಟ ಕಿಂಡಿಯಿಂದ ಮುಂದಕ್ಕೆ ಎಳೆಯಿರಿ. ಅರ್ಧ ಆಯ್ತು. ಈಗ ಅರಿಶಿನ ಬಲಕ್ಕೆ ಬಂದಿದೆ. ಅದೇ ಕೆಲಸವನ್ನು ಬಲದಿಂದ ಮಾಡಿ. ಅರಿಶಿನ ಯಾವ ಬದಿಯಲ್ಲೇ ಇರಲಿ, ಯಾವಾಗಲೂ ಮುಂದಿನಿಂದ ಹೋಗಬೇಕು. ಬಿಳಿ ಯಾವಾಗಲೂ ಹಿಂದಿನಿಂದ. ಅದಲುಬದಲಾಯಿತೋ, ಪಟ್ಟಿ ತಿರುಗಲು ಶುರು.

ಅಂದಹಾಗೆ, ತಿರುಚಿದ ಪಟ್ಟಿಯನ್ನು ಯಾಕೆ ಬಿಚ್ಚಿದಿರಿ? ಬೇಕಂತಲೇ ಹಾಗೆ ಸುರುಳಿ ಹೆಣೆದು ಮಾರುವವರಿದ್ದಾರೆ. ಅರ್ಧ ಗಂಟನ್ನೇ ಒಂದೇ ಬದಿಯಿಂದ ಹಾಕುತ್ತಾ ಹೋದರೆ ಸುರುಳಿ ತಾನಾಗಿಯೇ ಬರುತ್ತದೆ.

ಬೂಟಿನ ಲೇಸಿನಲ್ಲೂ ಇದೇ ಕಥೆ. ಕಟ್ಟಿದ ಹೂವು ಬೂಟಿಗೆ ಅಡ್ಡಲಾಗಿ ಕೂರದೆ ಉದ್ದಕ್ಕೆ ತಿರುಗಿ ನಿಂತರೆ ಎರಡೂ ಅರ್ಧ ಒಂದೇ ಕಡೆಯಿಂದ ಬಿದ್ದಿವೆ ಅಂತ ಲೆಕ್ಕ. 8.12ರ ಲೋಕಲ್ ಹಿಡಿಯುವ ಓಟದಲ್ಲಿ ಬಿಚ್ಚಿಕೊಳ್ಳುವುದು ಅದೇ ಲೇಸು.

ಇನ್ನು ಉದ್ದ. ಗಂಟು ಒತ್ತೊತ್ತಾಗಿ ಬರುವುದಾದರೆ ಹೊರಗಿನ ಎಳೆ ಮುಗಿದ ಪಟ್ಟಿಯ ನಾಲ್ಕು ಪಟ್ಟು ಬೇಕು. ಕೋಲಿಗೆ ಮಡಚಿ ಸಿಕ್ಕಿಸುವುದಾದರೆ ಎಂಟು ಪಟ್ಟು, ಮಡಚಿದ ಮೇಲೆ ಅದು ನಾಲ್ಕೇ ಅಲ್ವಾ? ನಡುವಿನ ಎಳೆಗೆ ಅಷ್ಟು ಬೇಡ. ಟೇಪು ಹುಡುಕುತ್ತಾ ಕೂರಬೇಡಿ, ಎರಡೂ ಕೈ ಚಾಚಿ ಮಾರು ಹಾಕಿ. ಹಡಗಿನವರು ನೀರಿನ ಆಳ ಹೇಳುವ ಫ್ಯಾದಮ್ ಕೂಡ ನಮ್ಮ ಮಾರೇ, 6 ಅಡಿ. ಕಲಿಯಲು 4 ಮಿಲಿಮೀಟರ್ ದಪ್ಪದ ಹತ್ತಿ ಹುರಿ ಒಳ್ಳೆಯದು. ಸಣ್ಣದರಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮಣಿ, ಬಳೆ, ಹುರಿಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋಗಿ. ನಾನಂತೂ ಅಲ್ಲೇ ಪಕ್ಕದ ನಾಗದೇವಿ ಸ್ಟ್ರೀಟಿಗೆ ಹೋಗುತ್ತೇನೆ, ಹಗ್ಗದ ವಾಸನೆಗೆ.

ಪ್ರಶ್ನೆ: ನೈಲಾನ್ ಹಗ್ಗದಲ್ಲಿ ತೂಗುಬಲೆ ಮಾಡಿ, ಬಾಲ್ಕನಿಯ ಕೊಕ್ಕೆಗೆ ಎರಡು ಗಂಟು ಬಿಗಿಯಾಗಿ ಹಾಕಿ ಕಟ್ಟಿದ್ದೆ. ಮೊದಲ ಮಳೆಗೇ ಕುಂಡ ಬಿತ್ತು. ವಿಚಿತ್ರವೆಂದರೆ ಹಗ್ಗ ಎಲ್ಲೂ ತುಂಡಾಗಿಲ್ಲ. (ಕೋಥ್ರೂಡ್, ಪುಣೆ)

ಯಾರಿಗೂ ಪೆಟ್ಟಾಗಲಿಲ್ಲವಲ್ಲ, ಅದು ದೊಡ್ಡದು. ಹಗ್ಗ ತುಂಡಾಗಿಲ್ಲ ಅಂದರೆ ಗಂಟು ಜಾರಿದೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನದೂ ಬಿದ್ದಿದೆ. ಹಡಗು ಬಿಟ್ಟು ಬಂದ ವರ್ಷ ಮಾಡಿದ ಮೊದಲ ತೂಗುಬಲೆ. ಅದರಲ್ಲಿ ಹೆಂಡತಿಯ ಒಂದೆಲಗದ ಕುಂಡ. ಮೂರನೇ ದಿನ ವಾಷಿಂಗ್ ಮಷಿನ್ ಮೇಲೆ ಕೂತಿತು, ಮಣ್ಣೆಲ್ಲ ಒಗೆದ ಬಟ್ಟೆಗೆ. ಟನ್ನುಗಟ್ಟಲೆ ಸರಕು ಕಟ್ಟಿದವನಿಗೆ ಒಂದು ಕುಂಡ ಕಟ್ಟಲು ಬರಲಿಲ್ಲವೇ ಅಂತ ಬಿಲ್ಡಿಂಗಿನವರೆಲ್ಲ ಕೇಳಿದರು. ಬುಡದಲ್ಲಿ ಎಳೆಗಳನ್ನೆಲ್ಲ ಸೇರಿಸಿ ಚೆಂದಕ್ಕೆ ಸುತ್ತು ಹಾಕಿದ್ದೆ. ಒಂದೊಂದೇ ಎಳೆ ಜಗ್ಗಿ ನೋಡಿರಲಿಲ್ಲ. ಎರಡು ಎಳೆ ಸಡಿಲವಿದ್ದವು, ನುಸುಳಿಕೊಂಡು ಹೊರಬಂದವು. ಈಗ ಆ ಸುತ್ತಿನ ಕೆಳಗೆ ಎಲ್ಲ ಎಳೆ ಸೇರಿಸಿ ಒಂದು ಸಾದಾ ಗಂಟು ಬಿಗಿದು, ಒಂದೊಂದನ್ನೂ ಬೇರೆ ಬೇರೆ ಎಳೆದು ನೋಡುತ್ತೇನೆ.

ನಿಮ್ಮದು ಮೇಲಿನ ಗಂಟಿನ ತಪ್ಪು. ಒಂದರ ಮೇಲೊಂದು ಎರಡು ಗಂಟು ಸೀರೆಯ ಕಟ್ಟಿಗೆ, ಸ್ವೀಟ್ ಡಬ್ಬಿಗೆ ಸರಿ. ತೂಗುವ ಭಾರಕ್ಕೆ ನಂಬಬಾರದು. ನೈಲಾನ್ ಮೊದಲೇ ನುಣುಪು. ಅದರ ಮೇಲೆ ಮಳೆಗೆ ಮಣ್ಣು ನೀರು ಕುಡಿಯಿತು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಜಾಸ್ತಿ.

ಕೊಕ್ಕೆಗೆ ಹಾಕಲು ಬೋಲಿನ್ ಅನ್ನುವ ಕುಣಿಕೆ ಗಂಟು ಕಲಿಯಿರಿ. ಅದರ ಕುಣಿಕೆ ಭಾರ ಬಿದ್ದಷ್ಟೂ ಜಾರುವುದಿಲ್ಲ, ಭಾರ ಇಳಿಸಿದರೆ ಸುಲಭವಾಗಿ ಬಿಚ್ಚುತ್ತದೆ. ಮೊಮ್ಮಗಳಿಗೆ ಹೀಗೆ ಹೇಳಿಕೊಟ್ಟೆ. ತುದಿಯಿಂದ ಎರಡು ಗೇಣು ಬಿಟ್ಟು ಹಗ್ಗದಲ್ಲಿ ಸಣ್ಣ ಬಾವಿ ಮಾಡು, ತುದಿಯ ಕಡೆಯ ಹಗ್ಗ ಮೇಲಿರಲಿ. ಉದ್ದ ಹಗ್ಗ ತೆಂಗಿನ ಮರ. ಕೇರೆ ಹಾವು ಬಾವಿಯ ಕೆಳಗಿನಿಂದ ಮೇಲೆ ಬಂತು, ಮರದ ಹಿಂದೆ ಸುತ್ತಿತು, ಅದೇ ಬಾವಿಗೆ ಇಳಿಯಿತು. ಈಗ ಮರ ಹಿಡಿದು ಜಗ್ಗು. ನೈಲಾನ್ ಆದರೆ ಬಾಲ ಒಂದು ಗೇಣು ಉಳಿಸಿ, ಅದರಿಂದ ಪಕ್ಕದ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ. ತುದಿಯನ್ನು ಮೇಣದ ಬತ್ತಿಗೆ ತೋರಿಸಿದರೆ ಎಳೆ ಬಿಡುವುದಿಲ್ಲ.

ಕೊಕ್ಕೆ ಇಲ್ಲದೆ ಕಿಟಕಿಯ ಗ್ರಿಲ್ಲಿಗೆ ಕಟ್ಟುವವರು ಸರಳಿಗೆ ಎರಡು ಸುತ್ತು ಹಾಕಿ, ಆಮೇಲೆ ಹಗ್ಗಕ್ಕೇ ಎರಡು ಅರೆಗಂಟು ಹಾಕಿದರೆ ಸಾಕು. ತುದಿಯನ್ನು ಹಗ್ಗಕ್ಕೆ ಒಂದು ಸಲ ಸುತ್ತಿ, ಆ ಸುತ್ತಿನೊಳಗಿಂದಲೇ ತೂರಿಸಿ ಎಳೆದರೆ ಒಂದು ಅರೆಗಂಟು. ಭಾರವನ್ನು ಸುತ್ತು ಹೊರುತ್ತದೆ, ಗಂಟು ಕಾವಲಿಗೆ ಮಾತ್ರ. ಆದರೆ ಕೆಳಗೆ ಜನ ಓಡಾಡುವ ಕಡೆ ಯಾವ ಗಂಟಿನಿಂದಲೂ ಕುಂಡ ತೂಗುಹಾಕಬೇಡಿ. ಬೋಲಿನ್ ಆದರೂ ಬೇಡ.

ಪ್ರಶ್ನೆ: ಹೆಣೆಯುವಾಗ ನಡುವೆ ಹುರಿ ಮುಗಿದರೆ ಹೇಗೆ ಜೋಡಿಸುವುದು? (ವಾಸ್ಕೋ, ಗೋವಾ)

ಅಲಂಕಾರದ ಪಟ್ಟಿಯಲ್ಲಿ ಜೋಡಿಸಲೇಬೇಡಿ. ಮುಗಿದ ತುದಿಯನ್ನು ನಡುವಿನ ಎಳೆಗಳ ಜೊತೆ ಸೇರಿಸಿ, ಹೊಸ ಎಳೆಯನ್ನು ಹಿಂದಿನಿಂದ ತಂದು ಮೂರು ನಾಲ್ಕು ಗಂಟು ಮುಂದುವರಿಸಿ. ತುದಿಗಳು ಒಳಗೇ ಸಿಕ್ಕಿಕೊಳ್ಳುತ್ತವೆ, ಉಳಿದದ್ದನ್ನು ಕತ್ತರಿಸಿ. ಭಾರ ಹೊರುವ ಹಗ್ಗವಾದರೆ ನಿಮ್ಮೂರಿನ ಬಲೆ ಹೆಣೆಯುವವರ ಹತ್ತಿರ ಹೋಗಿ ನಿಲ್ಲಿ. ಬಲೆಯ ಒಂದೊಂದು ಕಣ್ಣಿಗೂ ಅವರು ಹಾಕುವ ಗಂಟೇ ಎರಡು ಹಗ್ಗ ಸೇರಿಸುವ ಗಂಟು. ಹಡಗಿನಲ್ಲಿ ಅದು ಶೀಟ್ ಬೆಂಡ್. ನೇಕಾರರು ಕಡಿದ ನೂಲು ಕೂಡಿಸುವುದೂ ಹಾಗೆಯೇ.

ಪ್ರಶ್ನೆ: ಮ್ಯಾಕ್ರಮೆಗೆ ಕನ್ನಡದಲ್ಲಿ ಪದ ಇಲ್ಲವೇ? (ಠಾಣೆ)

ಆ ಪದ ಅರಬಿಯಿಂದ ಬಂದದ್ದು ಎನ್ನುತ್ತಾರೆ. ಹಿಂದೆ ಹಾಯಿ ಹಡಗಿನವರು ಬಿಡುವಿನಲ್ಲಿ ಹೆಣೆದು ಬಂದರಿನಲ್ಲಿ ಮಾರುತ್ತಿದ್ದರು. ಕನ್ನಡ ಪದ ಬೇಕಾದರೆ, ಕುಂಡದ ತೂಗುಬಲೆಗೆ ಇದ್ದೇ ಇದೆಯಲ್ಲ, ನೆಲುವು. ನಮ್ಮಜ್ಜಿ ಬೆಣ್ಣೆಯ ಗಡಿಗೆಯನ್ನು ಬೆಕ್ಕಿಗೆ ಸಿಗದಂತೆ ಇಡುತ್ತಿದ್ದದ್ದು ಅದರಲ್ಲೇ. ಸಿಕ್ಕ ಅಂತಲೂ ಅನ್ನುತ್ತಾರೆ. ನಿಮ್ಮ ಮರಾಠಿ ನೆರೆಯವರನ್ನು ಕೇಳಿ, ಶಿಂಕೆ ಅಂದಾರು.

ಪ್ರಶ್ನೆ: ನನಗೆ 58 ವರ್ಷ. ಬೆರಳು ಮೊದಲಿನಂತೆ ಓಡುವುದಿಲ್ಲ. ಈಗ ಕಲಿಯಲು ಆದೀತೇ? (ಮಲಾಡ್)

ಅಕ್ಕಾ, ಒಂದೇ ಪ್ರಶ್ನೆ. ಹೂ ಕಟ್ಟಲು ಬರುತ್ತದಾ? ಬಂದರೆ ಅರ್ಧ ಕಲಿತಾಗಿದೆ. ಮಾಟುಂಗಾ ಸ್ಟೇಷನ್ ಹೊರಗೆ ಹೂ ಕಟ್ಟುವವರ ಕೈ ನೋಡಿ. ಮಲ್ಲಿಗೆಯ ತೊಟ್ಟು ಸುತ್ತಿ, ಬೆರಳಲ್ಲಿ ದಾರ ತಿರುವಿ, ತೊಟ್ಟಿನ ಮೇಲೆ ಇಳಿಸಿ ಎಳೆಯುತ್ತಾರೆ. ಅದೇ ಅರೆಗಂಟು. ಮ್ಯಾಕ್ರಮೆಯಲ್ಲಿ ಎಲೆಯ ಆಕಾರ ಮಾಡುವಾಗ ತೊಟ್ಟಿನ ಜಾಗದಲ್ಲಿ ಒಂದು ಹುರಿಯನ್ನು ಓರೆಯಾಗಿ ಬಿಗಿ ಹಿಡಿದು, ಉಳಿದ ಒಂದೊಂದು ಎಳೆಯಿಂದಲೂ ಅದಕ್ಕೆ ಎರಡೆರಡು ಅರೆಗಂಟು ಹಾಕುತ್ತೇವೆ. ಎರಡೂ ಒಂದೇ ದಿಕ್ಕಿಗೆ ತಿರುಗಬೇಕು, ಅಷ್ಟೇ.

ಹಡಗಿನಲ್ಲಿ ನಾನು ತಿಂಗಳುಗಟ್ಟಲೆ ಕಲಿತದ್ದನ್ನು ನನ್ನ ಹೆಂಡತಿ ದಿನಾ ಸಂಜೆ ದೇವರ ಮುಂದೆ ಕೂತು ಮಾಡುತ್ತಿದ್ದಳು, ನನಗೆ ಹೊಳೆದದ್ದು ತಡವಾಗಿ. ಕಳೆದ ವಾರ ನನ್ನ ಕೈಯಿಂದ ಹುರಿ ಕಸಿದುಕೊಂಡು ಒಂದು ಎಲೆ ಹೆಣೆದೇ ಬಿಟ್ಟಳು. ಮೂರನೇ ಸಾಲು ಸ್ವಲ್ಪ ಸಡಿಲ. ನಾನು ಬಾಯಿ ಬಿಡಲಿಲ್ಲ.