ಬ್ಯಾಂಡ್ ಕ್ಯಾಂಪಿನ ದಿನ ಹೇಗಿರುತ್ತೆ ಅಂತ ಕೇಳಿದ್ದವರಿಗೆ

ನಿಮ್ಮ ಪ್ರಶ್ನೆ ಎರಡು: ಹೈಸ್ಕೂಲಿಗೆ ಕಾಲಿಡ್ತಿರೋ ಮಗನ ಕೈಲಿ ಆಗಸ್ಟಿನ ಬಿಸಿಲಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಮಾರ್ಚಿಂಗ್ ಬ್ಯಾಂಡ್ (ಮೈದಾನದಲ್ಲಿ ನಡೀತಾ, ಸಾಲು ಕಟ್ಟಿ ಆಕಾರ ಮಾಡ್ತಾ ನುಡಿಸೋ ಸ್ಕೂಲ್ ಬ್ಯಾಂಡ್) ಕ್ಯಾಂಪಲ್ಲಿ ಏನು ಮಾಡಿಸ್ತಾರೆ, ಮತ್ತೆ ಇದರಿಂದ ಅವನ ಕರ್ನಾಟಕ ಸಂಗೀತದ ಸ್ಯಾಕ್ಸೊಫೋನ್ ಪಾಠ ಕೆಡುತ್ತಾ. ನಮ್ಮ ಮಗಳು ಇಲ್ಲೇ ಅಮೆರಿಕದ ಟೆಕ್ಸಸ್‌ನ ಡಲ್ಲಾಸ್ ಕಡೆ ಸ್ಕೂಲಲ್ಲಿ ಕ್ಲಾರಿನೆಟ್ ನುಡಿಸಿದವಳು, ನಾನು ಪೋಷಕರ ಬಳಗದಲ್ಲಿ ನೀರಿನ ಕ್ಯಾನು ಹೊತ್ತವನು. ಸ್ವಲ್ಪ ಉದ್ದವಾಗುತ್ತೆ, ಓದ್ಕೊಳ್ಳಿ.

ಮೊದಲ ಎರಡು ದಿನ ಕೆಲಸ ಎಲ್ಲಾ ಕಾಲಿಗೆ. ವಾದ್ಯ ಡಬ್ಬಿಯಲ್ಲೇ ಇರುತ್ತೆ. ಮನೆಗೆ ಬಂದು "ಏನೂ ನುಡಿಸ್ಲೇ ಇಲ್ಲ" ಅಂದ್ರೆ ಗಾಬರಿಯಾಗ್ಬೇಡಿ. ಅಮೆರಿಕನ್ ಫುಟ್ಬಾಲ್ ಮೈದಾನದಲ್ಲಿ ಪ್ರತಿ 5 ಗಜಕ್ಕೊಂದು ಬಿಳಿ ಗೆರೆ ಇದೆಯಲ್ಲ, ಆ 5 ಗಜವನ್ನ ಸರಿಯಾಗಿ 8 ಹೆಜ್ಜೆಯಲ್ಲಿ ದಾಟ್ಬೇಕು. ಅಂದ್ರೆ ಹೆಜ್ಜೆಗೆ 22.5 ಇಂಚು. ಉದ್ದಕಾಲಿನ ಹುಡುಗನಿಗೂ ಅಷ್ಟೇ, ಗಿಡ್ಡ ಹುಡುಗಿಗೂ ಅಷ್ಟೇ. ಸ್ಪೀಕರಲ್ಲಿ ಲಯ ತೋರಿಸೋ ಮೆಟ್ರೋನೋಮ್ ಟಕ್ ಟಕ್ ಅಂತಿರುತ್ತೆ. ಹಿಮ್ಮಡಿ ಮೊದಲು ಊರಿ, ಬೆರಳು ಮೇಲೆತ್ತಿ, ಪಾದ ನಿಧಾನವಾಗಿ ಉರುಳಿಸ್ಬೇಕು. ಹಿಂದಕ್ಕೆ ನಡೆಯೋವಾಗ ಹಿಮ್ಮಡಿ ನೆಲಕ್ಕೆ ತಾಗೋ ಹಾಗಿಲ್ಲ. ಮೈ ಕುಲುಕಿದ್ರೆ ತುಟಿ ಕುಲುಕುತ್ತೆ, ತುಟಿ ಕುಲುಕಿದ್ರೆ ಸ್ವರ ನಡುಗುತ್ತೆ, ಅದಕ್ಕೇ ಇಷ್ಟೆಲ್ಲ. ಪಕ್ಕಕ್ಕೆ ಸರಿಯೋವಾಗ ಕಾಲು ಒಂದು ಕಡೆ, ಎದೆ ಮಾತ್ರ ಪ್ರೇಕ್ಷಕರ ಕಡೆ. ಸ್ಯಾಕ್ಸ್ ಮಕ್ಕಳಿಗೆ ಸೊಂಟ ತಿರುಗಿಸೋ ಈ ಪಾಠವೇ ಕಷ್ಟ. ಮಾರನೇ ದಿನ ಮೀನಖಂಡ ಹಿಡ್ಕೊಂಡಿರುತ್ತೆ, ಬಿಸಿನೀರು ಹಾಕಿಸಿ.

ಆಮೇಲೆ ಡಾಟ್, ಅಂದ್ರೆ ಮೈದಾನದಲ್ಲಿ ನಿಲ್ಬೇಕಾದ ಜಾಗ, ಕೊಡ್ತಾರೆ. ನಮ್ಮ ರಂಗೋಲಿ ಚುಕ್ಕಿಯೇ, ಆದ್ರೆ ಚುಕ್ಕಿಗಳೇ ಎದ್ದು ನಡೆಯುತ್ವೆ. "ಮೊದಲ ಬದಿ, 40ರ ಗೆರೆಯಿಂದ 2 ಹೆಜ್ಜೆ ಹೊರಗೆ, ಮುಂದಿನ ಹ್ಯಾಶ್‌ನಿಂದ 4 ಹೆಜ್ಜೆ ಹಿಂದೆ" ಅಂತ ಪ್ರತಿ ಮಗುವಿಗೂ ಅದರದ್ದೇ ಜಾಗ (ಹ್ಯಾಶ್ ಅಂದ್ರೆ ಮೈದಾನದ ಉದ್ದಕ್ಕೂ ಸಾಲಾಗಿ ಹಾಕಿರೋ ಚಿಕ್ಕ ಗುರುತುಗಳು). ಪ್ರತಿ ಸೆಟ್ಟಿಗೂ, ಅಂದ್ರೆ ಪ್ರತಿ ಹೊಸ ಆಕಾರಕ್ಕೂ, ಹೊಸ ಜಾಗ, ನಡುವೆ ಎಷ್ಟು ಎಣಿಕೆ ಅಂತಲೂ ಬರೆದಿರುತ್ತೆ. ಚಿಕ್ಕ ಪುಸ್ತಕಕ್ಕೆ ದಾರ ಕಟ್ಟಿ ಹೆಗಲಿಗೆ ನೇತು ಹಾಕ್ಕೊಂಡು ಪೆನ್ಸಿಲಲ್ಲಿ ಗುರುತು ಹಾಕ್ಕೋತಾರೆ. ಕೆಲವು ಕಡೆ ಫೋನಲ್ಲಿ ಆ್ಯಪ್. ಪುಸ್ತಕ ಅಂದ್ರೆ ಪೆನ್ನು ಬೇಡ, ಬೆವರಿಗೆ ಮಸಿ ಹರಡುತ್ತೆ.

ದಿನದ ಹಂಚಿಕೆ ಸಾಮಾನ್ಯವಾಗಿ ಬಿಸಿಲು ನೋಡ್ಕೊಂಡೇ. ಬೆಳಗ್ಗೆ ಹೊರಗೆ, ಹೆಚ್ಚಾಗಿ ಗೆರೆ ಬಳಿದ ಪಾರ್ಕಿಂಗ್ ಲಾಟಲ್ಲಿ. ಮಧ್ಯಾಹ್ನ ಒಳಗೆ ಎಸಿಯಲ್ಲಿ ಸೆಕ್ಷನಲ್ಸ್: ಸ್ಯಾಕ್ಸಿನವರೆಲ್ಲ ಒಂದು ಕೋಣೆ, ಡ್ರಮ್ ಬಾರಿಸೋ ಡ್ರಮ್‌ಲೈನ್ ಇನ್ನೊಂದು ಕಡೆ, ಬಾವುಟ ಹಿಡಿಯೋ ಕಲರ್ ಗಾರ್ಡ್ ಜಿಮ್ಮಲ್ಲಿ. ಆಮೇಲೆ ಎಲ್ಲರೂ ಸೇರಿ ನುಡಿಸೋದು. ಸ್ಕೂಲು ಶುರುವಾದ ಮೇಲೆ ಇಷ್ಟು ಹೊತ್ತು ಇರಲ್ಲ. ಟೆಕ್ಸಸ್‌ನ ಶಾಲಾ ಸ್ಪರ್ಧೆಗಳನ್ನ ನಡೆಸೋ ಸಂಸ್ಥೆ ಯುಐಎಲ್‌ನ ನಿಯಮದ ಪ್ರಕಾರ ತರಗತಿ ವೇಳೆ ಬಿಟ್ಟು ವಾರಕ್ಕೆ 8 ಗಂಟೆ ಮಾತ್ರ ಅಭ್ಯಾಸ. ಅದಕ್ಕೇ ಕ್ಯಾಂಪಲ್ಲಿ ಇಷ್ಟು ತುರುಕ್ತಾರೆ.

ಬಿಸಿಲಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಎಸಿಯಲ್ಲಿ ಕೂತು ಗೇಮ್ ಆಡ್ತಿದ್ದ ಹುಡುಗ ಏಕಾಏಕಿ ಡಾಂಬರಿನ ಮೇಲೆ ನಿಂತ್ರೆ ತಡ್ಕೊಳ್ಳಲ್ಲ. ಮೈ ಒಗ್ಗೋಕೆ ವಾರ, ಎರಡು ವಾರ ಬೇಕು, ಇವತ್ತಿಂದಲೇ ಹೊರಗೆ ನಡೆಸಿ. ಒಂದು ಗ್ಯಾಲನ್ನಿನ ನೀರಿನ ಜಗ್, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನು. ಬೆಳಗ್ಗೆ ಉಪ್ಪು ಹಾಕಿದ ಮಜ್ಜಿಗೆ ಒಂದು ಲೋಟ ಕುಡಿಸಿ. ತಲೆನೋವು, ವಾಕರಿಕೆ, ತಲೆ ಸುತ್ತು ಬಂದ್ರೆ ಸಾಲು ಬಿಟ್ಟು ಬಂದು ಹೇಳ್ಬೇಕು ಅಂತ ಮೊದಲೇ ತಲೆಗೆ ಹಾಕಿ. ಸೀನಿಯರ್ಸ್ ಮುಂದೆ ಅವಮಾನ ಅಂತ ಮಕ್ಕಳು ಬಾಯಿ ಬಿಡಲ್ಲ. ಆಸ್ತಮಾ ಇದ್ರೆ ಫಾರ್ಮಲ್ಲಿ ಬರೀರಿ.

ಊಟಕ್ಕೆ ಸಸ್ಯಾಹಾರಿಗಳಿಗೆ ಕ್ಯಾಂಪಲ್ಲಿ ಚೀಸ್ ಪಿಜ್ಜಾ ಬಿಟ್ರೆ ಹೆಚ್ಚೇನೂ ಸಿಗಲ್ಲ. ಚಿತ್ರಾನ್ನ, ಚಪಾತಿ ರೋಲ್ ನಡೆಯುತ್ತೆ. ಮೊಸರನ್ನ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಮಾತ್ರ, ಇಲ್ಲಾಂದ್ರೆ ಮಧ್ಯಾಹ್ನಕ್ಕೆ ಹುಳಿ. ಪೂರಿ ಗೀರಿ ಬೇಡ, ತಿಂದು ಓಡೋಕಾಗಲ್ಲ.

ಈಗ ಸ್ಯಾಕ್ಸ್. ಇದು ಕರ್ನಾಟಕ ಸಂಗೀತಕ್ಕೆ ಹೊರಗಿನದು ಅನ್ನೋರಿಗೆ ಹೇಳಿ: ಸ್ಯಾಕ್ಸಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದ ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಸ್ಯಾಕ್ಸೊಫೋನ್ ಕೇಳಿ ಮರುಳಾಗಿದ್ದೇ ಮೈಸೂರು ಅರಮನೆ ಬ್ಯಾಂಡಿನಲ್ಲಿ. ಬ್ಯಾಂಡಿನಿಂದ ಪಾಠ ಕೆಡಲ್ಲ, ಉಸಿರು ಗಟ್ಟಿಯಾಗುತ್ತೆ. ಆದ್ರೆ ಒಂದು ಮಾತು. ಬ್ಯಾಂಡಿನಲ್ಲಿ ಗಮಕ ಬೇಡ. ಎಲ್ಲರ ಸ್ವರವೂ ಒಂದೇ ಕಡೆ ನಿಲ್ಬೇಕು, ಜಾರಿಸಿದ್ರೆ ತಕ್ಷಣ ಕಿವಿಗೆ ಹೊಡೆಯುತ್ತೆ. ಅಲ್ಲಿಯದು ಅಲ್ಲಿಗೆ, ಇಲ್ಲಿಯದು ಇಲ್ಲಿಗೆ ಅಂತ ಮಕ್ಕಳು ಬೇಗ ಕಲೀತಾರೆ. ಕ್ಯಾಂಪಿನ ದಿನಗಳಲ್ಲಿ ಸಂಜೆ ಆನ್‌ಲೈನ್ ಪಾಠ ಬೇಡ, ಗುರುಗಳಿಗೆ ಮೊದಲೇ ಹೇಳಿಬಿಡಿ. ದಣಿದ ತುಟಿಯಲ್ಲಿ ನುಡಿಸಿದ್ರೆ ವಾದ್ಯದ ಬಾಯಿತುದಿಯನ್ನ ಕಚ್ಚಿ ಹಿಡಿಯೋ ಕೆಟ್ಟ ಅಭ್ಯಾಸ ಅಂಟುತ್ತೆ. ಬೇಕಾದ್ರೆ ವರಸೆ ಬಾಯಲ್ಲಿ ಹಾಡಲಿ.

ಪಾಠಕ್ಕಿರೋ ಒಳ್ಳೇ ವಾದ್ಯವನ್ನ ಮೈದಾನಕ್ಕೆ ಕಳಿಸ್ಬೇಡಿ. ಸ್ಕೂಲಿನದ್ದು ಕೇಳಿ, ಇಲ್ಲಾ ಹಳೇ ಸ್ಟೂಡೆಂಟ್ ಮಾಡೆಲ್ ಸಾಕು. ಹೊರಗೆ ಜೊಂಡಿನ ರೀಡು (ಊದಿದಾಗ ಅದುರಿ ಸ್ವರ ಹುಟ್ಟಿಸೋ ತೆಳು ಪಟ್ಟಿ) ಒಣಗಿ ಕೈ ಕೊಡುತ್ತೆ, ಸಿಂಥೆಟಿಕ್ ರೀಡು ಒಂದು ಇಟ್ಟಿರಿ. ವಾದ್ಯ ನೇತು ಹಾಕ್ಕೊಳ್ಳೋ ಕತ್ತಿನ ಪಟ್ಟಿ ಅಗಲ ಇರಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ವಾದ್ಯ ಬಿಡಲೇಬಾರದು, ತೂತು ಮುಚ್ಚೋ ಪ್ಯಾಡಿನ ಅಂಟು ಮೆತ್ತಗಾಗಿ ಗಾಳಿ ಸೋರುತ್ತೆ.

ಷೂ ಇನ್ನೂ ತಗೊಂಡಿಲ್ಲ ಅಂದ್ರಿ. ಈ ವಾರವೇ ಓಡೋ ಷೂ ತಗೊಂಡು ಮನೆ ಸುತ್ತ ಹಾಕ್ಕೊಂಡು ನಡೀಲಿ. ಹೊಸ ಷೂನಲ್ಲೇ ಕ್ಯಾಂಪಿಗೆ ಹೋದ್ರೆ ಮಧ್ಯಾಹ್ನದೊಳಗೆ ಕಾಲಲ್ಲಿ ನೀರಿನ ಬೊಬ್ಬೆ ಗ್ಯಾರಂಟಿ.