ದಿನದ ನಡಿಗೆಯನ್ನೇ ಅಮ್ಮನ ನೆನಪಿನ ಕಲಾಕೃತಿ ಮಾಡಬಹುದೇ?

ಅಮ್ಮ ಹೋದ ಮೇಲೆ ದಿನಾ ಕಾರವಾರದ ಟಾಗೋರ್ ಬೀಚಿನಲ್ಲಿ ನಡೆಯುತ್ತೀರಿ, ಅದರಿಂದಲೇ ಅವರ ನೆನಪಿಗೆ ಏನಾದರೂ ಮಾಡುವ ಆಸೆ, ಆದರೆ ಚಿತ್ರ ಬಿಡಿಸಲು ಬರುವುದಿಲ್ಲ ಎಂದಿದ್ದೀರಿ.

ಬರದಿದ್ದರೆ ಒಳ್ಳೆಯದೇ. ಫೋನಿನ ಜಿಪಿಎಸ್ ಹಾಕಿಕೊಂಡು ಊರು ಸುತ್ತಿ, ಮ್ಯಾಪಿನ ಮೇಲೆ ಹೃದಯವೋ ಮುಖವೋ ಮೂಡಿಸುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಆಕಾರ ಸರಿ ಬಂತಾ ಎಂಬ ಚಿಂತೆಯಲ್ಲೇ ನಡಿಗೆ ಮುಗಿಯುತ್ತದೆ. 1967ರಲ್ಲಿ ಇಂಗ್ಲೆಂಡಿನ ಕಲಾವಿದ ರಿಚರ್ಡ್ ಲಾಂಗ್ ಒಂದು ಹುಲ್ಲುಗಾವಲಿನಲ್ಲಿ ಸುಮ್ನೆ ಹೋಗಿ ಬಂದು ಮಾಡಿದರು. ಹುಲ್ಲು ಮಲಗಿ ಗೆರೆ ಕಂಡಾಗ ಫೋಟೋ ತೆಗೆದರು. ಕಲಾಕೃತಿ ಅಷ್ಟೇ!

ನೀವು ಒಂದೇ ನಿಯಮ ಇಟ್ಟುಕೊಳ್ಳಿ. ಅಮ್ಮ ಬೆಳಿಗ್ಗೆ ಚಹಾಕ್ಕೆ ಇಡುತ್ತಿದ್ದ ಹೊತ್ತಿಗೇ ಹೊರಡಿ. ಯುದ್ಧನೌಕೆ ಮ್ಯೂಸಿಯಂ ಹತ್ತಿರದಿಂದ ಕೋಡಿಬಾಗದ ಕಡೆಗೆ, ನೀರಿನ ಅಂಚು ಹಿಡಿದೇ ನಡೆಯಿರಿ, ಫೋನಿನ ಜಿಪಿಎಸ್ ದಾರಿ ಬರೆದುಕೊಳ್ಳುತ್ತಿರಲಿ. ಕಡಲಿನ ಭರತ (ಉಬ್ಬರ) ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅಲ್ವಾ? ಹಾಗಾಗಿ ಹೊತ್ತು ಅದೇ ಆದರೂ ಅಂಚು ಅದೇ ಜಾಗದಲ್ಲಿ ಇರುವುದಿಲ್ಲ. ಅಮಾವಾಸ್ಯೆಯಿಂದ ಹುಣ್ಣಿಮೆ ತನಕ ನಡೆದು, ಫೋನಿನಲ್ಲಿ ಉಳಿದ ದಾರಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಬಿಚ್ಚಿದ ಜಡೆಯ ಹಾಗೆ ಎಳೆ ಎಳೆಯಾಗಿ ಕಾಣುತ್ತದೆ. ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ಮಾತ್ರ ಈ ಸಾಹಸ ಬೇಡ.

ನಾನು ಶಿರಸಿ ಕಡೆಯವಳು, ನಮ್ಮಲ್ಲಿ ಕಡಲಿಲ್ಲ. ಆಯಿ, ಅಂದರೆ ನನ್ನ ಅಮ್ಮ, ತೋಟಕ್ಕೆ ಇಳಿಯುತ್ತಿದ್ದ ದಾರಿಯನ್ನೇ ಹಿಡಿದೆ, ಬೇಲಿಯ ದಣಪೆ ದಾಟಿ, ಹಳ್ಳದ ಕಾಲುಸೇತುವೆ ಸಂಕ ದಾಟಿ. ದಟ್ಟ ಮರಗಳ ಕೆಳಗೆ ಫೋನಿನ ಗೆರೆ ಅಡ್ಡಾದಿಡ್ಡಿ ಬಂತು. ತಿದ್ದಲಿಲ್ಲ. ಪ್ರಿಂಟ್ ತೆಗೆದು, ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಅವಳ ಹಳೇ ಸೀರೆ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ಆಮೇಲೆ ಕೌದಿ ಹೊಲಿಗೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆಗಳ ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಹೂವು ಎಂದು ಬಟ್ಟೆಯ ಸಣ್ಣ ಮಡಿಕೆ ಇಡುತ್ತಾರೆ. ನಾನೂ ಇಟ್ಟೆ, ಆಯಿಯ ರವಿಕೆ ತುಂಡಿನಿಂದ. ಇದಕ್ಕೆಲ್ಲ ಸಮಯ ಜಾಸ್ತಿಯೇ ಬೇಕು. ಅವಸರ ಇದ್ದರೆ ಕಾಗದದ ಮೇಲೆ ಗೆರೆ ಎಳೆದು ನಿಲ್ಲಿಸಿ, ಅದೂ ಚೆಂದವೇ.

ಹೊಲಿಯುವುದಾದರೆ ಹತ್ತಿಯ ದಾರವೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿ, ಎಳೆದರೆ ಹಳೇ ಸೀರೆಯ ಎಳೆಯೇ ಹರಿಯಬಹುದು.