ಮುಖ ನೋಡಿ ಮನಸ್ಸನ್ನು ಎಷ್ಟರ ಮಟ್ಟಿಗೆ ತಿಳಿಯಬಹುದು?

ಎದುರಿಗಿರುವವರ ಮುಖಭಾವವನ್ನು ನೋಡಿ ಅವರ ಮನಸ್ಸಿನಲ್ಲಿರುವುದನ್ನು ಖಚಿತವಾಗಿ ಹೇಳಬಹುದೇ, ಮುಖಭಾವಗಳು ಲೋಕದ ಎಲ್ಲ ಜನರಲ್ಲೂ ಒಂದೇ ಬಗೆಯಾಗಿರುತ್ತವೆಯೇ ಎಂದು ನೀವು ಕೇಳಿದ್ದೀರಿ. ನಾನು ತುಮಕೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಲಕ್ವಾ ಹೊಡೆದವರು, ಬಾಯಿ ಸೊಟ್ಟಗಾದವರು, ಕೈ ನಡುಗಿ ಮೈಯ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯವರು ನನ್ನ ಬಳಿ ಬರುತ್ತಾರೆ. ಮುಖ ತನ್ನ ಕೆಲಸವನ್ನು ನಿಲ್ಲಿಸಿದಾಗ ಏನಾಗುತ್ತದೆ ಎಂಬುದನ್ನು ದಿನವೂ ನೋಡುವವನಾಗಿ ಉತ್ತರಿಸುತ್ತಿದ್ದೇನೆ. ಒಳಗೆ ಏನೋ ನಡೆಯುತ್ತಿದೆ ಎಂಬುದನ್ನು ಮುಖ ಬಹಳ ಬೇಗ ತಿಳಿಸುತ್ತದೆ. ಆದರೆ ಆ 'ಏನೋ' ಯಾವುದು ಎಂಬುದನ್ನು ಸಂದರ್ಭ, ದನಿ ಮತ್ತು ಮೈಯ ನಿಲುವು ಸೇರಿಕೊಂಡರೆ ಮಾತ್ರ ಹೇಳಲು ಸಾಧ್ಯ.

ದೇಹದ ಬೇರೆಡೆ ಸ್ನಾಯುಗಳು ಸಾಮಾನ್ಯವಾಗಿ ಒಂದು ಮೂಳೆಯಿಂದ ಇನ್ನೊಂದು ಮೂಳೆಗೆ ಅಂಟಿಕೊಂಡಿರುತ್ತವೆ. ಮುಖದ ಸ್ನಾಯುಗಳಲ್ಲಿ ಹೆಚ್ಚಿನವು ಚರ್ಮಕ್ಕೇ ಅಂಟಿಕೊಂಡಿರುವುದರಿಂದ, ಅವು ಸ್ವಲ್ಪ ಎಳೆದರೂ ಹುಬ್ಬು, ಕೆನ್ನೆ, ತುಟಿಯ ಅಂಚು ಕದಲುತ್ತವೆ. ಇವುಗಳನ್ನು ನಡೆಸುವುದು ಏಳನೆಯ ಕಪಾಲ ನರ, ಅಂದರೆ ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ಏಳನೆಯದು. ಆದರೆ ಆ ನರಕ್ಕೆ ಮಿದುಳಿನಿಂದ ಆಜ್ಞೆ ಬರುವ ದಾರಿ ಒಂದೇ ಅಲ್ಲ: ಬೇಕೆಂದು ಮಾಡುವ ಚಲನೆಗೆ ಒಂದು ದಾರಿ, ತಾನಾಗಿ ಉಕ್ಕುವ ಭಾವಕ್ಕೆ ಇನ್ನೊಂದು. ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರಿಗೆ ಲಕ್ವಾ ಹೊಡೆದಿತ್ತು. "ಹಲ್ಲು ತೋರಿಸಿ" ಎಂದರೆ ಅವರ ತುಟಿಯ ಬಲ ಅಂಚು ಮಾತ್ರ ಮೇಲೇಳುತ್ತಿತ್ತು, ಎಡಭಾಗ ಜೋತುಬಿದ್ದಿರುತ್ತಿತ್ತು. ಅದೇ ಹೊತ್ತಿಗೆ ಮೊಮ್ಮಗಳು ಬಾಗಿಲಿನಿಂದ ಇಣುಕಿದಾಗ ಎರಡೂ ಕೆನ್ನೆ ಒಟ್ಟಿಗೆ ಏರಿ, ಕಣ್ಣಿನ ಮೂಲೆಯಲ್ಲಿ ನೆರಿಗೆ ಮೂಡಿ, ನಗು ಇಡೀ ಮುಖ ತುಂಬಿತು. ಅಪ್ಪ ವ್ಯಾಯಾಮಕ್ಕೆ ಸೋಮಾರಿತನ ಮಾಡುತ್ತಿದ್ದಾರೆಂದು ಅಲ್ಲಿಯವರೆಗೆ ತಿಳಿದಿದ್ದ ಮಗನಿಗೆ, ಇದು ಸೋಮಾರಿತನವಲ್ಲ, ಎರಡು ದಾರಿಗಳಲ್ಲಿ ಒಂದು ಮಾತ್ರ ಕೆಟ್ಟಿದೆ ಎಂದು ವಿವರಿಸಿ ಹೇಳಬೇಕಾಯಿತು.

ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖದ ಒಂದೊಂದೇ ಸ್ನಾಯುವಿಗೆ ವಿದ್ಯುತ್ ಹಾಯಿಸಿ, ಸಂತೋಷದ ನಗುವಿನಲ್ಲಿ ತುಟಿಯನ್ನು ಮೇಲೆಳೆಯುವ ಸ್ನಾಯುವಿನ ಜೊತೆಗೆ ಕಣ್ಣಿನ ಸುತ್ತಲ ಸ್ನಾಯುವೂ ಬಿಗಿಯುತ್ತದೆಂದು ತೋರಿಸಿದ. ಕಣ್ಣು ನಗದಿದ್ದರೆ ನಗು ಸುಳ್ಳು ಎಂಬ ಮಾತು ಹರಡಿರುವುದು ಇದರಿಂದಲೇ. ಆದರೆ ಅಭ್ಯಾಸವಿದ್ದವರು ಕಣ್ಣಿನ ನೆರಿಗೆಯನ್ನೂ ತಂದುಕೊಳ್ಳಬಲ್ಲರು. ಆದ್ದರಿಂದ ಇದನ್ನು ಸುಳ್ಳು ಹಿಡಿಯುವ ಸಾಧನವಾಗಿ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನಿಮ್ಮ ಎರಡನೆಯ ಪ್ರಶ್ನೆಯ ಮೇಲೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಮುಖಭಾವಗಳು ಮನುಷ್ಯಕುಲಕ್ಕೆ ಹುಟ್ಟಿನಿಂದ ಬಂದವು ಎಂದು ಡಾರ್ವಿನ್ 1872ರಲ್ಲೇ ವಾದಿಸಿದ್ದ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಎಕ್ಮನ್ ಪಾಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಹೋಗಿ, ಚಿಕ್ಕ ಕಥೆ ಹೇಳಿ ಅದಕ್ಕೆ ಹೊಂದುವ ಮುಖದ ಚಿತ್ರವನ್ನು ಆರಿಸಲು ಹೇಳಿದರು. ಸಂತೋಷ, ದುಃಖ, ಕೋಪ, ಅಸಹ್ಯಗಳನ್ನು ಫೋರೆ ಜನರು ಚೆನ್ನಾಗಿ ಗುರುತಿಸಿದರು. ಭಯ ಮತ್ತು ಆಶ್ಚರ್ಯಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವಲ್ಲಿ ಎಡವಿದರು. 2004ರ ಪ್ಯಾರಾಲಿಂಪಿಕ್ಸ್‌ನ ಜೂಡೋ ಪಂದ್ಯಗಳಲ್ಲಿ ಹುಟ್ಟುಕುರುಡರ ಮುಖದಲ್ಲೂ ಗೆಲುವು ಸೋಲಿನ ಹೊತ್ತಿಗೆ ಕಣ್ಣಿದ್ದವರದೇ ಚಲನೆಗಳು ಕಂಡುಬಂದವು. ಯಾರನ್ನೂ ನೋಡಿ ಕಲಿಯದೆ ಬಂದ ಭಾವ ಅದು ಎಂಬುದು ನನಗೆ ಈ ವಾದದ ಅತ್ಯಂತ ಬಲವಾದ ಆಧಾರವಾಗಿ ಕಾಣುತ್ತದೆ. ಇನ್ನೊಂದು ಕಡೆ, ಮನೋವಿಜ್ಞಾನಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ಅದುವರೆಗಿನ ಸಂಶೋಧನೆಗಳನ್ನೆಲ್ಲ ಜರಡಿ ಹಿಡಿದು, ಕೋಪ ಬಂದವರೆಲ್ಲ ಹುಬ್ಬು ಗಂಟಿಕ್ಕುವುದಿಲ್ಲ, ಹುಬ್ಬು ಗಂಟಿಕ್ಕಿದವರೆಲ್ಲರಿಗೂ ಕೋಪ ಬಂದಿರುವುದಿಲ್ಲ ಎಂದು ತೋರಿಸಿದರು. 2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಟೆನಿಸ್ ಆಟಗಾರರು ಪಾಯಿಂಟ್ ಗೆದ್ದಾಗ, ಸೋತಾಗ ತೆಗೆದ ಚಿತ್ರಗಳಿಂದ ಮುಖವನ್ನಷ್ಟೇ ಕತ್ತರಿಸಿ ತೋರಿಸಿದರೆ, ಗೆದ್ದವರಾರು ಸೋತವರಾರು ಎಂದು ಹೇಳಲು ನೋಡುಗರಿಗೆ ಆಗಲಿಲ್ಲ. ಮುಖವಿಲ್ಲದ ಮೈಯನ್ನು ತೋರಿಸಿದಾಗ ಹೇಳಿದರು.

ಈ ಜಗಳವನ್ನು ಓದುವಾಗಲೆಲ್ಲ ನನಗೆ ಭರತನ ನಾಟ್ಯಶಾಸ್ತ್ರ ನೆನಪಾಗುತ್ತದೆ. ಅವನು ಹೇಳುವ ಎಂಟು ಸ್ಥಾಯಿಭಾವಗಳಲ್ಲಿ (ಮನಸ್ಸಿನಲ್ಲಿ ನೆಲೆನಿಲ್ಲುವ ಮೂಲ ಭಾವಗಳಲ್ಲಿ) ಹಾಸ, ಶೋಕ, ಕ್ರೋಧ, ಭಯ, ಜುಗುಪ್ಸೆ, ವಿಸ್ಮಯ ಎಂಬ ಆರು, ಎಕ್ಮನ್ ಪರೀಕ್ಷಿಸಿದ ಆ ಆರು ಭಾವಗಳಿಗೆ ಬಹುಮಟ್ಟಿಗೆ ಸರಿಹೊಂದುತ್ತವೆ. ಅದಕ್ಕಿಂತ ಮುಖ್ಯವಾದುದು, ರಸ ಹುಟ್ಟುವ ಬಗೆಯನ್ನು ಹೇಳುವಾಗ ಭರತ ಅನುಭಾವಕ್ಕಿಂತ (ಭಾವ ಮೈಮುಖಗಳಲ್ಲಿ ತೋರುವುದಕ್ಕಿಂತ) ಮೊದಲು ವಿಭಾವವನ್ನು (ಭಾವದ ಕಾರಣವನ್ನು) ಇಟ್ಟಿರುವುದು. ಭಾವಕ್ಕೆ ಕಾರಣವಾದ ಸನ್ನಿವೇಶ ನೋಡುವವನಿಗೆ ಗೊತ್ತಿದ್ದರೇನೇ ಕಣ್ಣು ಹುಬ್ಬುಗಳ ಚಲನೆಗೆ ಅರ್ಥ ಬರುತ್ತದೆ. ಇಂದಿನ ಸಂಶೋಧಕರು ಸುತ್ತಿ ಬಳಸಿ ತಲುಪುತ್ತಿರುವುದು ಇಲ್ಲಿಗೇ ಎಂದು ನಾನು ನಂಬುತ್ತೇನೆ.

ಸಮಾಜದ ಕಟ್ಟಳೆಯೂ ಮುಖದ ಮೇಲೆ ಕೆಲಸ ಮಾಡುತ್ತದೆ. ನಮ್ಮ ಶಾಲೆಗಳಲ್ಲಿ ಮೇಷ್ಟರು ಗದರಿದಾಗ ಹುಡುಗ ಹೆದರಿ, ನಾಚಿ, ತಲೆ ತಗ್ಗಿಸಿ ನಗುತ್ತಾನೆ. "ಬೈದರೆ ನಗ್ತೀಯೇನೋ" ಎಂದು ಅದಕ್ಕೇ ಇನ್ನೆರಡು ಏಟು ಬೀಳುತ್ತವೆ. ಸಮಾಧಾನ ಮಾಡಿಕೊಳ್ಳಿ ಎಂದು ಬೇಡುವ ಆ ನಗುವನ್ನು ಉದ್ಧಟತನವೆಂದು ಓದಿ ಎಷ್ಟು ಮಕ್ಕಳಿಗೆ ಅನ್ಯಾಯವಾಗಿದೆಯೋ ಎಂದು ಸಂಕಟವಾಗುತ್ತದೆ. ಮುಖವನ್ನು ಬೇಕೆಂದೇ ಮುಚ್ಚುವ ಕಲೆಯನ್ನು ನೋಡಬೇಕಾದರೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಬೇಕು. ದಲ್ಲಾಳಿ ಮತ್ತು ರೈತ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳಿಕೊಳ್ಳುವಾಗ ಸುತ್ತ ನಿಂತವರಿಗೆ ಅಂಕಿ ತಿಳಿಯಬಾರದು; ಹಾಗಾಗಿ ಬೆರಳು ಎಷ್ಟೇ ಕೇಳಿದರೂ ಹುಬ್ಬು ಕದಲದಂತೆ ಇಬ್ಬರೂ ಕಾಯ್ದುಕೊಳ್ಳುತ್ತಾರೆ. ಆದರೂ ನುರಿತ ದಲ್ಲಾಳಿಯ ನೋಟ ರೈತನ ಕೊರಳ ಮೇಲಿರುತ್ತದೆ. ಉಗುಳು ನುಂಗಿದ ಸಣ್ಣ ಚಲನೆ ಅವನಿಗೆ ಸಾಕು.

ಮುಖ ಓದುವುದರಲ್ಲಿ ಆಗುವ ತಪ್ಪು ಎಷ್ಟು ನೋವು ಕೊಡುತ್ತದೆಂಬುದು ಬೆಲ್ಸ್ ಪಾಲ್ಸಿ ಬಂದವರಿಗೆ ಗೊತ್ತು. ಇದರಲ್ಲಿ ಮುಖದ ನರವೇ ಸೊರಗುವುದರಿಂದ ಒಂದು ಕಡೆಯ ಹಣೆ, ಕಣ್ಣು, ತುಟಿ ಮೂರೂ ನಿಲ್ಲುತ್ತವೆ. ಮಿದುಳಿಗೆ ಪೆಟ್ಟಾಗಿ ಬರುವ ಲಕ್ವಾದಲ್ಲಿ ಸಾಮಾನ್ಯವಾಗಿ ಹಣೆಯ ಚಲನೆ ಉಳಿದುಕೊಳ್ಳುತ್ತದೆ. ಆದರೂ ಈ ವ್ಯತ್ಯಾಸವನ್ನು ಮನೆಯಲ್ಲೇ ತೀರ್ಮಾನಿಸದೆ, ಬಾಯಿ ಸೊಟ್ಟಗಾದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಹೂವು ಮಾರುವ ಒಬ್ಬ ಹೆಂಗಸು, ತಾನು ನಕ್ಕರೆ ಗಿರಾಕಿಗಳು ಅಣಕಿಸುತ್ತಿದ್ದಾಳೆಂದು ತಿಳಿಯುತ್ತಾರೆ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ವ್ಯಾಪಾರ ಮಾಡುತ್ತಿದ್ದರು. ಹೆಚ್ಚಿನವರಂತೆ ಅವರಿಗೂ ಕೆಲವು ತಿಂಗಳಲ್ಲಿ ಗುಣವಾಯಿತು.

ಪಾರ್ಕಿನ್ಸನ್ ಕಾಯಿಲೆಯವರ ಸ್ಥಿತಿ ತಿಪಟೂರಿನ ಆ ಹಿರಿಯರದಕ್ಕೆ ವಿರುದ್ಧವಾದುದು. ಹೇಳಿದರೆ ತುಟಿ ಅರಳಿಸಬಲ್ಲರು, ತಾನಾಗಿ ಬರುವ ನಗು ಮಾತ್ರ ಬತ್ತಿಹೋಗಿರುತ್ತದೆ. ಮನೆಗೆ ಮಗು ಹುಟ್ಟಿದ ಸುದ್ದಿಗೂ ಮುಖ ಕಲ್ಲಿನಂತಿರುವುದನ್ನು ಕಂಡು, ಇವರಿಗೆ ನಮ್ಮ ಮೇಲೆ ಪ್ರೀತಿಯೇ ಹೋಗಿದೆ ಎಂದು ಹೆಂಡತಿ ಮಕ್ಕಳು ಅಳುವುದನ್ನು ನಾನು ಕೇಳಿದ್ದೇನೆ. ಒಳಗಿನ ಸಂತೋಷ ಹೋಗಿರುವುದಿಲ್ಲ, ಅದು ಹೊರಗೆ ಬರುವ ದಾರಿ ಮುಚ್ಚಿರುತ್ತದೆ ಎಂದು ಅವರಿಗೆ ಮೊದಲು ತಿಳಿಸುತ್ತೇನೆ. ಈ ಕಾಯಿಲೆಯಲ್ಲಿ ದನಿಯೂ ತಗ್ಗುವುದರಿಂದ, ಟಿವಿ ಆರಿಸಿ, ಹತ್ತಿರ ಕುಳಿತು, ಸಂತೋಷವಾಯಿತೇ ಎಂದು ಬಾಯಿಬಿಟ್ಟು ಕೇಳಿ, ಉತ್ತರ ಬರುವವರೆಗೆ ಕಾಯಿರಿ ಎನ್ನುತ್ತೇನೆ. ನಿಮ್ಮ ಮನೆಯಲ್ಲಿ ಅಂಥವರಿದ್ದು ಈ ಪ್ರಶ್ನೆ ಕೇಳಿದ್ದರೆ, ನಿಮಗೂ ನನ್ನ ಉತ್ತರ ಅದೇ.